ಮೇಸ್ತ್ರಿಯ ಕಾರಿನ ಸಣ್ಣ ದೀಪ

ಕಾರು ಸ್ಟಾರ್ಟ್ ಆಗುತ್ತಿಲ್ಲ ಎಂದು ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಾಗ ಸೊಸೆ ಈರುಳ್ಳಿ ಹುರಿಯುತ್ತಿದ್ದಳು. ಈ ಮಾತು ಇವತ್ತು ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಸೌಟು ನಿಲ್ಲಿಸದೆ ತಿರುವುತ್ತಲೇ ಇದ್ದಳು.

"ನಿನ್ನೆ ಸಂಜೆ ಯಾರಾದ್ರೂ ಶೆಡ್ಡಿಗೆ ಹೋಗಿದ್ರಾ?" ಎಂದರು ಮಾವ.

"ನಾನೇ ಹೋಗಿದ್ದೆ, ಒಣಗಿದ ಬಟ್ಟೆ ತರೋಕೆ. ಯಾಕೆ ಮಾವ?"

"ಸಣ್ಣ ದೀಪದ ಸ್ವಿಚ್ಚು ಹಾಕಿದ ಹಾಗೇ ಇದೆ. ರಾತ್ರಿಯೆಲ್ಲಾ ಉರಿದು ಬ್ಯಾಟರಿ ಪೂರ್ತಿ ಇಳಿದುಹೋಗಿದೆ."

"ಅಯ್ಯೋ! ನಿನ್ನೆ ಕಾರು ತಂದು ನಿಲ್ಲಿಸಿದ್ದು ನೀವೇ ಅಲ್ವಾ?"

ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಅಂದರೆ ಮೂರು ಮತ್ತೊಂದು ಅಂದಳಂತೆ. ಇವಳೂ ಹಾಗೇ ಕಣ್ಣರಳಿಸಿ ನಿಂತಳು. ಮಾವ ಅವಳ ಮುಖ ನೋಡಿದರು, ತಮ್ಮ ಅಂಗೈ ನೋಡಿಕೊಂಡರು, ವಾಪಸು ಹೋದರು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಮಾವ ಬೈಯದೆ ವಾಪಸು ಹೋದದ್ದನ್ನು ಅವಳು ನೋಡಿದ್ದು ಅದೇ ಮೊದಲು. ಆ ದಿನದ ತಿಂಡಿ ಅವಳಿಗೆ ಬಹಳ ರುಚಿಸಿತು.

ಈ ಮಾವ ಅಂಥಿಂಥ ಆಸಾಮಿಯಲ್ಲ. ಮಾರುಕಟ್ಟೆ ರಸ್ತೆಯ ತಿರುವಿನಲ್ಲಿ ನಲವತ್ತೊಂದು ವರ್ಷ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟಿದ್ದವರು. ಆಸಿಡ್ ಹಾರಿ ಅಂಗಿಗಳೆಲ್ಲ ಜರಡಿಯಾಗಿದ್ದವು. ನಾಲಿಗೆಯ ಮೇಲೂ ಅದೇ ಆಸಿಡ್ ಇತ್ತು. ಹಾಗಾಗಿ ಊರವರು ಅವರಿಗಿಟ್ಟ ಹೆಸರು ಆಸಿಡ್ ಮೇಸ್ತ್ರಿ. ನೀರು ಹಾಕುವ ಕೆಲಸವೇ ಇಲ್ಲದ ಹೊಸ ಬ್ಯಾಟರಿಗಳು ಬಂದ ಮೇಲೆ, ಎರಡು ವರ್ಷದ ಹಿಂದೆ, ಅಂಗಡಿಯ ಬಾಗಿಲು ಎಳೆದರು. ಉಳಿದದ್ದು ಈ ಹಳೆಯ ನೀಲಿ ಕಾರು. ಬೆಳಿಗ್ಗೆ ಮೊಮ್ಮಗಳನ್ನು ಶಾಲೆಗೆ ಬಿಡುವುದು, ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿ ಹಳೆಯ ಗಿರಾಕಿಗಳಿಗೆ ಮುಖ ತೋರಿಸುವುದು, ನಾಲ್ಕಕ್ಕೆ ಮೊಮ್ಮಗಳನ್ನು ಕರೆತರುವುದು. ದೀಪ ಆರಿಸದೆ ಬಾಗಿಲು ತೆಗೆದರೆ ಕಿರುಚುವ ಬಜರು ಒಂದು ಆ ಕಾರಿನಲ್ಲಿತ್ತು. ಕೊಂಡ ದಿನವೇ ಅದರ ವೈರು ಕತ್ತರಿಸಿ ಎಸೆದಿದ್ದರು. "ಜ್ಞಾಪಕ ಇರೋನಿಗೆ ಈ ಕಿರಿಕಿರಿ ಯಾಕೆ?" ಅಂದಿದ್ದರಂತೆ.

ಇದಕ್ಕೆ ವಾರದ ಹಿಂದೆ ಅದೇ ಕಾರು ಶಾಲೆಯ ಗೇಟಿನ ಕಲ್ಲುಕಂಬಕ್ಕೆ ಹೋಗಿ ಗುದ್ದಿತು. ಒಳಗಿದ್ದ ಒಂಬತ್ತು ವರ್ಷದ ಮೊಮ್ಮಗಳ ತುಟಿ ಸೀಳಿ ಎರಡು ಹೊಲಿಗೆ ಬಿತ್ತು. ಮನೆಗೆ ಬಂದ ಮಾವ ಮಗುವಿನ ಬಾಯಿಗೆ ಮಂಜುಗಡ್ಡೆ ಹಿಡಿದುಕೊಂಡೇ ಕೂಗಾಡಿದರು: "ಅಲ್ಲಿ ಕಂಬ ನೆಟ್ಟ ಬೃಹಸ್ಪತಿ ಯಾರು? ಅವನನ್ನ ಕರೀರಿ!" ಕಣ್ಣು ತೋರಿಸಿಕೊಳ್ಳಿ ಎಂದ ಮಗನಿಗೆ, "ನನ್ನ ಕಣ್ಣಿಗೇನಾಗಿದೆ? ಬಾ, ನಿನ್ನ ಅಂಗಡಿ ಔಷಧಿ ಚೀಟಿ ನಾನೇ ಓದಿ ಹೇಳ್ತೀನಿ" ಅಂದರು.

ಮಗ, ಅಂದರೆ ಇವಳ ಗಂಡ, ಔಷಧದಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವನು. ದಿನವಿಡೀ ಗಿರಾಕಿಗಳ ಹತ್ತಿರ ನಯವಾಗಿ ಮಾತಾಡಿ ಮಾತಾಡಿ ಮನೆಗೆ ಬರುವಷ್ಟರಲ್ಲಿ ಅವನ ಬಳಿ ನೇರ ಮಾತು ಒಂದೂ ಉಳಿದಿರುತ್ತಿರಲಿಲ್ಲ. ಕಂಬಕ್ಕೆ ಗುದ್ದಿದ ಮರುದಿನ ಮಾವ ಸ್ನಾನಕ್ಕೆ ಹೋದಾಗ ಮಗ, ಸೊಸೆ, ಅತ್ತೆ ಮೂವರೂ ಅಡುಗೆಮನೆಯಲ್ಲಿ ಸಭೆ ಸೇರಿದರು.

"ಕಾರು ಬಿಡಬೇಡಿ ಅಂತ ನೀವೇ ಹೇಳ್ರೀ. ಮಗ ಅಲ್ವಾ?" ಎಂದಳು ಸೊಸೆ.

"ನಾನು ಹೇಳಿದ್ರೆ ಇಡೀ ಬೀದಿ ಸೇರೋ ಹಾಗೆ ಕೂಗ್ತಾರೆ. ಅಮ್ಮ ಹೇಳಲಿ."

"ನಾನಾ?" ಎಂದರು ಅತ್ತೆ. ಅವರಿಗೆ ಕಿವಿ ಸ್ವಲ್ಪ ಮಂದ, ಬೇಕಾದ ಮಾತು ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು. "ನಲವತ್ತಾರು ವರ್ಷದಲ್ಲಿ ನಾನು ಹೇಳಿದ್ದು ಯಾವುದು ಕೇಳಿದ್ದಾರೆ ಅವ್ರು? ನನ್ನನ್ನ ಎಳೀಬೇಡಿ."

ಅತ್ತೆ ಸೊಪ್ಪಿನ ಬುಟ್ಟಿ ಹಿಡಿದು ಹಿತ್ತಲಿಗೆ ಹೋದರು. ಗಂಡ ದನಿ ತಗ್ಗಿಸಿದ.

"ಒಂದು ಕೆಲಸ ಮಾಡು. ಹಾವೂ ಸಾಯಬೇಕು, ಕೋಲೂ ಮುರೀಬಾರ್ದು. ಸಂಜೆ ಬಟ್ಟೆ ತರೋಕೆ ಶೆಡ್ಡಿಗೆ ಹೋಗ್ತೀಯಲ್ಲ, ಕಾರಿನ ಸಣ್ಣ ದೀಪ ಹಾಕಿ ಬಂದುಬಿಡು. ಬೆಳಿಗ್ಗೆ ಬ್ಯಾಟರಿ ಮಲಗಿರುತ್ತೆ. ಎರಡು ಸಲ, ಮೂರು ಸಲ ಹಾಗಾದ್ರೆ ಅವ್ರೇ ಬೇಸತ್ತು ಕಾರಿನ ಸಹವಾಸ ಬಿಡ್ತಾರೆ. ಯಾರ ಬಾಯೂ ಕೆಡೋದಿಲ್ಲ."

"ಗೊತ್ತಾದ್ರೆ?"

"ಬೀಗ ಹಾಕೋ ಅಭ್ಯಾಸ ಇಲ್ಲ, ಬಜರು ಇಲ್ಲ. ಹೇಗೆ ಗೊತ್ತಾಗುತ್ತೆ?"

ಮಗಳ ತುಟಿಯ ಹೊಲಿಗೆ ಕಣ್ಣ ಮುಂದೆ ಇದ್ದುದರಿಂದ ಅವಳು ಒಪ್ಪಿದಳು. ಅವಳ ಪರವಾಗಿ ಹೇಳಬೇಕಾದ ಮಾತು ಇದು. ಇನ್ನೊಂದು ಮಾತೂ ಇದೆ, ಮುಚ್ಚಿಟ್ಟರೆ ತಪ್ಪಾಗುತ್ತದೆ. ಹಾಲು ಉಕ್ಕಿದರೆ, "ನಿನ್ನ ತಲೇಲಿ ಪ್ಲೇಟು ಸವೆದಿದೆ ಕಣಮ್ಮ, ಚಾರ್ಜೇ ನಿಲ್ಲೋದಿಲ್ಲ" ಅನ್ನುತ್ತಿದ್ದರು ಮಾವ. ಬೀಗದ ಕೈ ಹುಡುಕುತ್ತಿದ್ದರೆ, "ಹೊಸಾ ತಲೆ ತರಿಸೋಣ್ವಾ?" ಅನ್ನುತ್ತಿದ್ದರು. ಮನೆಯಲ್ಲೇ ಪರದೆ ಹೊಲಿದುಕೊಡುವ ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಎಷ್ಟೋ ಸಲ ಅತ್ತಿದ್ದಳು. ಮೊದಲ ಸಂಜೆ ಕಾರಿನ ಬಾಗಿಲು ತೆಗೆದು ಸ್ವಿಚ್ಚು ಟಕ್ಕೆಂದು ಒಮ್ಮೆ ತಿರುಗಿಸುವಾಗ ಅವಳಿಗೆ ಮಗಳ ತುಟಿಯೂ ನೆನಪಾಗಿತ್ತು, ಆ ಮಾತುಗಳೂ ನೆನಪಾಗಿದ್ದವು.

ಆ ಮೊದಲ ಬೆಳಿಗ್ಗೆ ಮಾವ ಅಡುಗೆಮನೆಯಿಂದ ನೇರ ಶೆಡ್ಡಿಗೆ ಹೋದರು. ಬ್ಯಾಟರಿ ಬಿಚ್ಚಿ ತಂದು ಶೆಡ್ಡಿನ ಮೂಲೆಯ ಹಳೆಯ ಚಾರ್ಜರಿಗೆ ಹಾಕಿದರು. ಮುಚ್ಚಳ ತೆಗೆದು ಒಂದೊಂದು ಕೋಣೆಗೂ ಬಟ್ಟಿ ಇಳಿಸಿದ ನೀರು ತುಂಬಿದರು. ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು ಕಣ್ಣಿನ ಹತ್ತಿರ ಹಿಡಿದು ಅದರ ಕಸು ಎಷ್ಟೆಂದು ನೋಡಿದರು. ಮೊಮ್ಮಗಳು ಅಪ್ಪನ ಸ್ಕೂಟರಿನ ಹಿಂದೆ ಕೂತು ಶಾಲೆಗೆ ಹೋದಳು.

ನಾಲ್ಕು ದಿನ ಬಿಟ್ಟು ಎರಡನೆಯ ಸಲ. ಮುಂದಿನ ವಾರ ಮೂರನೆಯ ಸಲ.

"ಬ್ಯಾಟರಿ ಹಳೇದಾಯ್ತೇನೋ ಅಪ್ಪ" ಎಂದ ಮಗ, ಬ್ರೆಡ್ಡಿಗೆ ಜಾಮ್ ಹಚ್ಚುತ್ತಾ.

"ಬ್ಯಾಟರಿ ಹಳೇದಲ್ಲ. ಕೋಣೆಗಳೆಲ್ಲ ಗಟ್ಟಿ ಇವೆ. ದೀಪ ಆರಿಸೋದು ಮರೀತಿದೀನಿ ನಾನು." ಮಾವ ಲೋಟದ ಅಂಚು ಉಜ್ಜುತ್ತಾ ಹೇಳಿದರು. "ಹಗಲು ಹೊತ್ತು ದೀಪ ಯಾಕೆ ಹಾಕ್ತೀನಿ, ಅದೂ ಗೊತ್ತಾಗ್ತಿಲ್ಲ."

ಗಂಡ ಹೆಂಡತಿಯ ಕಡೆ ನೋಡಿದ. ಕೆಲಸ ಆಗುತ್ತಿದೆ ಎಂಬ ನೋಟ ಅದು.

ಆದರೆ ಮೇಸ್ತ್ರಿ ಸುಲಭಕ್ಕೆ ಸೋಲುವ ಪೈಕಿಯಲ್ಲ. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ದೀಪ, ಬಾಗಿಲು, ರೇಡಿಯೋ ಎಂದು ಬರೆದು ಸ್ಟೇರಿಂಗಿನ ಪಕ್ಕ ಕಟ್ಟಿದರು. ಪೆನ್ಸಿಲಿಗೆ ದಾರ ಕಟ್ಟಿ ನೇತುಹಾಕಿದರು. ದಿನಾ ಸಂಜೆ ಒಂದೊಂದನ್ನೂ ಮುಟ್ಟಿ ನೋಡಿ ಗುರುತು ಹಾಕಿ ಇಳಿಯುತ್ತಿದ್ದರು. ಒಂದು ಸಂಜೆ ಸೊಸೆ ಆಮೇಲೆ ಹೋಗಿ ಆ ಗುರುತಿನ ಪಕ್ಕದಲ್ಲೇ ಕೈ ಚಾಚಿ ಸ್ವಿಚ್ಚು ತಿರುಗಿಸಿ ಬಂದಳು.

ಮರುದಿನ ಮಾವ ಆ ರಟ್ಟನ್ನೇ ಕಿತ್ತುಕೊಂಡು ಬಂದು ಅತ್ತೆಯ ಮುಂದೆ ಹಿಡಿದರು.

"ನೋಡೇ ಇಲ್ಲಿ. ಇದು ನನ್ನ ಗುರುತೇ ತಾನೆ?"

"ನಿಮ್ದೇ. ನನಗೆಲ್ಲಿ ಪೆನ್ಸಿಲು ಹಿಡಿಯೋಕೆ ಬರುತ್ತೆ?"

"ದೀಪ ಆರಿಸಿದೆ ಅಂತ ಗುರುತು ಹಾಕಿದೀನಿ. ದೀಪ ಆರಿಸಿಲ್ಲ. ನನ್ನ ಕೈ ನನಗೇ ಸುಳ್ಳು ಬರೀತಾ ಇದೆ ಕಣೇ."

ಅತ್ತೆಗೆ ಅರ್ಧ ಕೇಳಿಸಿತು, ಪೂರ್ತಿ ಹೆದರಿಕೆಯಾಯಿತು. ಅಂದಿನಿಂದ ಅವರು ಗಂಡನ ಹಿಂದೆಯೇ ತಿರುಗತೊಡಗಿದರು. ಸ್ಟೌ ಆರಿದೆಯೇ, ನಲ್ಲಿ ನಿಂತಿದೆಯೇ, ಚಪ್ಪಲಿ ಸರಿಯಾಗಿ ಹಾಕಿಕೊಂಡರೇ ಎಂದು ನೋಡುವುದು. ಕಾರಿನ ವಿಷಯ ಕಾರಿನಲ್ಲೇ ಉಳಿಯಲಿಲ್ಲ, ಮನೆಯೊಳಗೆ ಬಂದು ಕೂತಿತು.

ಮರೆಯುವ ಮನುಷ್ಯ ಮನೆಯಲ್ಲಿದ್ದರೆ ಉಳಿದವರಿಗೆಲ್ಲ ಎಷ್ಟು ಅನುಕೂಲ! ಮಗ ನೀರಿನ ಮೋಟಾರು ರಿಪೇರಿಗೆ ಕೊಡುವುದನ್ನು ಮರೆತ, "ನಿಮಗೇ ಹೇಳಿದ್ನಲ್ಲ ಅಪ್ಪ, ಮೊನ್ನೆ" ಅಂದ. ಹೇಳಿರಲಿಲ್ಲ. "ಹೇಳಿದ್ಯಾ? ಇರಬಹುದು" ಅಂದರು ಮಾವ. ಅತ್ತೆಗೆ ಎರಡನೆಯ ಸಲ ಕಾಫಿ ಮಾಡಲು ಬೇಸರ, "ಆಗಲೇ ಕುಡಿದ್ರಲ್ಲ" ಅಂದುಬಿಡುತ್ತಿದ್ದರು. ಮಾವ ಬಾಯಿ ಚಪ್ಪರಿಸಿ ನೋಡಿಕೊಳ್ಳುತ್ತಿದ್ದರು. ಮಕ್ಕಳಿಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಒಂದು ಸಂಜೆ ಮೊಮ್ಮಗಳು ತಾತನ ಪಾಲಿನ ಎರಡು ಬಿಸ್ಕತ್ತು ಬಾಯಿಗೆ ಹಾಕಿಕೊಂಡು, "ತಾತ, ನಿಂದು ನೀನು ತಿಂದಾಯ್ತಲ್ಲ!" ಎಂದಳು.

"ತಿಂದ್ನಾ ಪುಟ್ಟಿ?"

"ಹೂಂ. ನಾನು ನೋಡ್ದೆ."

ಸೊಸೆ ಪಕ್ಕದ ಕೋಣೆಯಲ್ಲಿ ಪರದೆಯ ಅಂಚು ಮಡಿಸುತ್ತಿದ್ದಳು. ಎದ್ದು ಬಂದು ಮಗಳ ಬೆನ್ನಿಗೆ ಎರಡು ಬಾರಿಸಬೇಕೆನಿಸಿತು. ಯಾವ ಮುಖ ಇಟ್ಟುಕೊಂಡು ಬಾರಿಸುತ್ತಾಳೆ? ಹೊಲಿಗೆ ಯಂತ್ರದ ಪೆಡಲು ಜೋರಾಗಿ ತುಳಿದಳು.

ಅಂದು ಗಂಡ ಬಂದಾಗ ಹೇಳಿದಳು: "ಸಾಕು ರೀ. ಇನ್ನು ನಾನು ಮಾಡೋದಿಲ್ಲ. ನೇರವಾಗಿ ಹೇಳಿಬಿಡಿ."

"ಇಷ್ಟು ದೂರ ಬಂದಿದೆ. ಇನ್ನೊಂದು ಸಲ ಆದ್ರೆ ಕೀ ಅವ್ರೇ ತಂದು ಕೊಡ್ತಾರೆ, ನೋಡ್ತಿರು."

"ನನಗೆ ಸರಿ ಕಾಣ್ತಿಲ್ಲ."

"ಹಾಗಾದ್ರೆ ನಾಳೆ ಮಗಳನ್ನ ಅದೇ ಕಾರಲ್ಲಿ ಕಳಿಸು."

ಆದರೂ ಅವಳು ಸ್ವಿಚ್ಚಿಗೆ ಕೈ ಹಾಕಲಿಲ್ಲ. ಎಂಟು ದಿನ ಕಾರು ಚೆನ್ನಾಗಿ ಓಡಿತು. ಅಷ್ಟರಲ್ಲಿ ಮಾವ ಹೊಸ ಉಪಾಯ ಹೂಡಿದ್ದರು. ಸಂಜೆ ಕಾರು ನಿಲ್ಲಿಸಿದ ಮೇಲೆ ಹತ್ತನೇ ನಂಬರ್ ಸ್ಪ್ಯಾನರಿನಿಂದ ಬ್ಯಾಟರಿಯ ಕಪ್ಪು ವೈರನ್ನೇ ಬಿಚ್ಚಿಡುವುದು. ವೈರೇ ಇಲ್ಲದಿದ್ದರೆ ದೀಪ ಹಾಕಿದ್ದರೂ ಉರಿಯುವುದಿಲ್ಲ. "ಕಳ್ಳನಿಗೆ ಬೀಗ ಹಾಕೋದಲ್ಲ, ಮರೆವಿಗೆ ಬೀಗ ಹಾಕಿದೀನಿ" ಎಂದು ಊಟದ ಹೊತ್ತಿಗೆ ನಕ್ಕರು. ಮುಖ ಗೆಲುವಾಗಿತ್ತು. ಎರಡನೆಯ ಸಲ ಕಾಫಿಯನ್ನು ಗದರಿಸಿಯೇ ತರಿಸಿಕೊಂಡರು. ಅವಳಿಗೂ ಹಾಯೆನಿಸಿತು. ಇಲ್ಲಿಗೆ ಇದು ಮುಗಿಯಲಿ ಎಂದು ಮನಸಾರೆ ಬಯಸಿದಳು. ಅದು ನಿಜ.

ಒಂಬತ್ತನೆಯ ದಿನ ವಸತಿಗೃಹದ ಮೇಲ್ವಿಚಾರಕಿ ಮನೆಗೆ ಬಂದಳು. ಇಪ್ಪತ್ತೆರಡು ಕೋಣೆಗಳಿಗೆ ಪರದೆ ಬೇಕಿತ್ತು. ಅಷ್ಟು ದೊಡ್ಡ ಕೆಲಸ ಸೊಸೆಯ ಕೈಗೆ ಯಾವತ್ತೂ ಬಂದಿರಲಿಲ್ಲ. ಮೇಲ್ವಿಚಾರಕಿ ಮೊದಲೇ ಕೊಟ್ಟಿದ್ದ ಅಳತೆಗೆ ನಮೂನೆಯೆಂದು ಹೊಲಿದ ಒಂದು ಪರದೆಯನ್ನು ಸೊಸೆ ಟೇಪು ಹಿಡಿದು ತೋರಿಸಿದಳು. ಉದ್ದ ನಾಲ್ಕು ಬೆರಳು ಕಡಿಮೆ ಬಂದಿತ್ತು.

"ಅಳತೆ ಬರೆದುಕೊಂಡಿದ್ದೆ... ಸರಿ ಮಾಡಿಕೊಡ್ತೀನಿ" ಎಂದಳು.

ಒಳಗಿನಿಂದ ಬಂದ ಮಾವ ಅದನ್ನು ಕೇಳಿ ಗಹಗಹಿಸಿ ನಕ್ಕರು. ಈ ಮನೆಯಲ್ಲಿ ತಾನೊಬ್ಬನೇ ಮರೆಯುವವನಲ್ಲ ಎಂದು ಅವರಿಗೆ ಎಷ್ಟು ಸಮಾಧಾನವಾಯಿತೋ!

"ಇವಳ ಕೈಗೆ ಬಟ್ಟೆ ಕೊಡ್ತೀರಲ್ಲಮ್ಮ, ನಿಮ್ಮ ಧೈರ್ಯ ಮೆಚ್ಚಬೇಕು. ನಿನ್ನೆ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದ್ಲು. ಇಪ್ಪತ್ತೆರಡು ಕೋಣೆಗೆ ಹೊಲಿದ್ರೆ ಇಪ್ಪತ್ತೆರಡು ಅಳತೆ ಬರುತ್ತೆ!"

ಮೇಲ್ವಿಚಾರಕಿಯೂ ನಕ್ಕಳು. ಆಮೇಲೆ ಹೇಳಿ ಕಳಿಸುತ್ತೇನೆ ಎಂದು ಬಟ್ಟೆಯ ಗಂಟನ್ನು ತಾನು ಬಂದ ಕಾರಿಗೆ ವಾಪಸು ಹಾಕಿಸಿದಳು. ಹೇಳಿ ಕಳಿಸುವುದಿಲ್ಲವೆಂದು ಸೊಸೆಗೆ ಆಗಲೇ ತಿಳಿಯಿತು.

ಅಂದು ಸಂಜೆ ಅವಳು ಗಂಡ ಹೇಳದೆಯೇ ಶೆಡ್ಡಿಗೆ ಹೋದಳು. ಕಾರಿನ ಮೂತಿಯ ಮುಚ್ಚಳ ಎತ್ತಿದಳು. ಕಪ್ಪು ವೈರು ಪಕ್ಕಕ್ಕೆ ಬಿದ್ದಿತ್ತು, ಸ್ಪ್ಯಾನರು ಅದರ ಮೇಲೆಯೇ ಇತ್ತು. ಮದುವೆಯಾದ ಹೊಸತರಲ್ಲಿ ಅಂಗಡಿಗೆ ಬುತ್ತಿ ಒಯ್ಯುತ್ತಿದ್ದಾಗ, "ಕಪ್ಪು ವೈರು ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಇಷ್ಟು ಗೊತ್ತಿದ್ರೆ ಬೆರಳು ಉಳಿಯುತ್ತೆ" ಎಂದು ಅವಳ ಕೈಗೆ ಸ್ಪ್ಯಾನರು ಕೊಟ್ಟು ಕಲಿಸಿದ್ದು ಇದೇ ಮಾವ. ಚೆನ್ನಾಗಿಯೇ ಕಲಿಸಿದ್ದರು. ಅವಳು ವೈರು ಸಿಕ್ಕಿಸಿ ಬಿಗಿ ಮಾಡಿದಳು, ಸ್ಪ್ಯಾನರನ್ನು ಇದ್ದಲ್ಲೇ ಇಟ್ಟಳು, ಸಣ್ಣ ದೀಪ ಹಾಕಿದಳು, ಒಣಗಿದ ಬಟ್ಟೆ ಹೆಗಲಿಗೆ ಹಾಕಿಕೊಂಡು ಒಳಗೆ ಬಂದಳು.

ಬೆಳಿಗ್ಗೆ ಏಳೂವರೆಗೆ ಮಾವ ಶೆಡ್ಡಿಗೆ ಹೋದವರು ಎಂಟಾದರೂ ಬರಲಿಲ್ಲ. ಮೊಮ್ಮಗಳು ಚೀಲ ಹಾಕಿಕೊಂಡು ಕಾದೂ ಕಾದೂ ಅಪ್ಪನ ಸ್ಕೂಟರು ಹತ್ತಿದಳು. ಸೊಸೆ ನೋಡಲು ಹೋದಳು. ಮಾವ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದರು. ಕಾರಿನ ಮೂತಿಯ ಮುಚ್ಚಳ ತೆರೆದೇ ಇತ್ತು.

"ನಿನ್ನೆ ವೈರು ಬಿಚ್ಚಿದೆ ಅಂತ ನನಗೆ ಜ್ಞಾಪಕ ಇದೆ" ಎಂದರು. "ಸ್ಪ್ಯಾನರು ತಣ್ಣಗಿತ್ತು, ಅದೂ ಜ್ಞಾಪಕ ಇದೆ. ಆದ್ರೆ ನಾನು ಬಿಚ್ಚಿಲ್ಲ ನೋಡು. ಬಿಗಿಯಾಗಿದೆ."

"ಒಳಗೆ ಬನ್ನಿ ಮಾವ, ತಿಂಡಿ ಆರುತ್ತೆ" ಅಂದಳು. ಹೇಳಬೇಕಾದದ್ದು ಅದಾಗಿರಲಿಲ್ಲ.

"ಆಗದೇ ಇರೋದು ಜ್ಞಾಪಕಕ್ಕೆ ಬರ್ತಿದೆ. ಮರೆವಾದ್ರೆ ಪರವಾಗಿಲ್ಲ ಅಂದ್ಕೊಂಡಿದ್ದೆ. ಇದು ಮರೆವಲ್ಲ. ನನ್ನನ್ನ ಯಾರಾದ್ರೂ ಡಾಕ್ಟರ ಹತ್ರ ಕರ್ಕೊಂಡು ಹೋಗಿ."

ನಲವತ್ತೊಂದು ವರ್ಷ ಆಸಿಡ್ ಸುಟ್ಟ ಕೈಗೆ ಮುಲಾಮೂ ಹಚ್ಚಿಸಿಕೊಳ್ಳದ ಮನುಷ್ಯ ಹಾಗೆ ಕೇಳಿಕೊಂಡರು.

ರಾತ್ರಿ ಮಲಗಿದಾಗ ಗಂಡನಿಗೆ ಹೇಳಿದಳು. ವೈರಿನ ಕಥೆ ಕೇಳಿ ಅವನೂ ಒಂದು ಗಳಿಗೆ ಬೆಚ್ಚಿದ. "ಅದನ್ನ ಮಾಡು ಅಂತ ನಾನೆಲ್ಲಿ ಹೇಳಿದ್ದೆ?" ಅಂದ. ಆಮೇಲೆ, "ಆದದ್ದು ಆಯ್ತು. ಡಾಕ್ಟರ ಹತ್ರ ಹೋದ್ರೆ ಅವ್ರೇ ಕಾರು ಬಿಡಬೇಡಿ ಅಂತಾರೆ. ಒಳ್ಳೇದೇ ಅಲ್ವಾ?" ಎಂದು ಮಗ್ಗುಲು ಬದಲಿಸಿದ.

ಡಾಕ್ಟರು ತಾಳ್ಮೆಯ ಹೆಂಗಸು. ಇವತ್ತು ಯಾವ ವಾರ, ಇದು ಯಾವ ತಿಂಗಳು, ನೂರರಿಂದ ಏಳು ಕಳೆಯುತ್ತಾ ಹೋಗಿ ಎಂದೆಲ್ಲ ಕೇಳಿದಳು. ಮಾವ ಪ್ರತಿ ಉತ್ತರಕ್ಕೂ ಮಗನ ಮುಖ ನೋಡುತ್ತಿದ್ದರು. ಸರಿಯಾದ ಉತ್ತರವನ್ನೂ ತಪ್ಪೇನೋ ಎಂಬಂತೆ ಹೇಳುತ್ತಿದ್ದರು. ಮಗ ದೀಪದ ಕಥೆ, ರಟ್ಟಿನ ಕಥೆ, ವೈರಿನ ಕಥೆ, ಕಾಫಿ ಬಿಸ್ಕತ್ತಿನ ಕಥೆ ಎಲ್ಲವನ್ನೂ ಸಾಲಾಗಿ ಒಪ್ಪಿಸಿದ. ಡಾಕ್ಟರು ಬರೆದುಕೊಂಡು ಸೊಸೆಯ ಕಡೆ ತಿರುಗಿದಳು.

"ಮನೇಲಿ ಇಡೀ ದಿನ ಇರೋರು ನೀವು. ಇದೆಲ್ಲ ಹೀಗೇ ಆಗಿದ್ಯಾ?"

ಮೇಜಿನ ಕೆಳಗೆ ಗಂಡನ ಚಪ್ಪಲಿ ಅವಳ ಪಾದಕ್ಕೆ ತಗುಲಿತು.

"ಹೌದು" ಎಂದಳು.

ಬೆಳಿಗ್ಗೆ ಒಂದು, ಮಧ್ಯಾಹ್ನ ಊಟದ ಜೊತೆ ಒಂದು, ಮಲಗುವಾಗ ಒಂದು ಮಾತ್ರೆ. ಕಾರು ಮುಟ್ಟಬಾರದು, ಒಬ್ಬರೇ ಹೊರಗೆ ಹೋಗಬಾರದು. ಎರಡು ದಿನದಲ್ಲಿ ಮಾವ ಕಾರನ್ನು ಪಕ್ಕದ ಬೀದಿಯ ಗ್ಯಾರೇಜಿನವನಿಗೆ ಕೊಟ್ಟುಬಿಟ್ಟರು. ಅವನು ಹಗ್ಗ ಕಟ್ಟಿ ಎಳೆದುಕೊಂಡು ಹೋಗುವಾಗ, "ಏನ್ ಮೇಸ್ತ್ರಿ, ನಿಮ್ಮ ಮನೇಲೇ ಬ್ಯಾಟರಿ ಸಾಯೋದಾ?" ಎಂದು ತಮಾಷೆ ಮಾಡಿದ. ಬೇರೆ ದಿನವಾಗಿದ್ದರೆ ಅವನಿಗೆ ಸರಿಯಾದ ಮಂಗಳಾರತಿ ಸಿಗುತ್ತಿತ್ತು. ಮಾವ ತಲೆಯಾಡಿಸಿದರು.

ಮಾತ್ರೆ ಶುರುವಾಗಿ ಮೂರು ವಾರಕ್ಕೆ ಮಾವನ ಕೈ ನಡುಗತೊಡಗಿತು. ಕೂತಲ್ಲೇ ತೂಕಡಿಸುತ್ತಿದ್ದರು. ಲೋಟಕ್ಕೆ ನೀರು ಬಗ್ಗಿಸಿದರೆ ಅರ್ಧ ಮೇಜಿಗೆ ಹೋಗುತ್ತಿತ್ತು. ಪ್ರತಿಯೊಂದಕ್ಕೂ ಪ್ರಶ್ನೆ: ನಾನು ಹಲ್ಲುಜ್ಜಿದ್ನಾ? ಈ ಅಂಗಿ ನಂದೇನಾ? ಬೈಗುಳ ಎಂಬುದು ಆ ಮನೆಯಿಂದ ಹೊರಟುಹೋಯಿತು. ಗಂಡ, "ಈಗ ಮನೆ ಎಷ್ಟು ಶಾಂತವಾಗಿದೆ ನೋಡು" ಅಂದ. ಇಲ್ಲದ ರೋಗಕ್ಕೆ ಮಾತ್ರೆ ನುಂಗಿ ನುಂಗಿ ಮನುಷ್ಯ ಕಣ್ಣೆದುರೇ ರೋಗಿಯಾಗುತ್ತಿದ್ದರು. ಇನ್ನು ತಡೆದರೆ ಹೇಳಿಯೂ ಉಪಯೋಗವಿಲ್ಲವೆಂದು ಅವಳು ಗಟ್ಟಿ ಮನಸ್ಸು ಮಾಡಿದಳು.

ಭಾನುವಾರ ಮಧ್ಯಾಹ್ನ ಐವರೂ ಮೇಜಿನ ಸುತ್ತ ಊಟಕ್ಕೆ ಕೂತಿದ್ದರು. ಅನ್ನ, ಬೇಳೆ, ಆಲೂಗಡ್ಡೆ ಪಲ್ಯ, ತಲೆಗೊಂದು ಬೇಯಿಸಿದ ಮೊಟ್ಟೆ. ಮಾವ ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಅಂಗಿಯ ಮೇಲೆ ಎರಡು ತುತ್ತು ಚೆಲ್ಲಿಕೊಂಡಿದ್ದರು. ಗಂಡ ಮಾತ್ರೆ ಬಿಡಿಸಿ ಅವರ ತಟ್ಟೆಯ ಪಕ್ಕ ಇಟ್ಟ.

"ಅದನ್ನ ಕೊಡಬೇಡಿ" ಎಂದಳು ಸೊಸೆ. "ಮಾವ, ನುಂಗಬೇಡಿ. ನಿಮಗೆ ಏನೂ ಆಗಿಲ್ಲ."

"ಏನಮ್ಮ?"

"ನೀವು ಒಂದು ದಿನಾನೂ ದೀಪ ಮರ್ತಿರ್ಲಿಲ್ಲ. ನಾನು ಹಾಕ್ತಿದ್ದೆ. ಸಂಜೆ ಬಟ್ಟೆ ತರೋಕೆ ಬಂದಾಗ ನಾನೇ ಹಾಕ್ತಿದ್ದೆ. ನೀವು ಕಪ್ಪು ವೈರು ಬಿಚ್ಚಿದ್ದು ನಿಜ. ವಾಪಸು ಸಿಕ್ಕಿಸಿದ್ದು ನಾನು, ಹತ್ತನೇ ನಂಬರ್ ಸ್ಪ್ಯಾನರಲ್ಲಿ. ನೀವು ಕಾರು ಬಿಡೋದು ನಿಲ್ಲಿಸಲಿ ಅಂತ ಮಾಡಿದ್ವಿ."

ಮಗಳು ಜಗಿಯುವುದನ್ನು ನಿಲ್ಲಿಸಿದಳು. ಅತ್ತೆ, "ಏನಂತೆ? ಏನಂತೆ?" ಎಂದು ಎಲ್ಲರ ಮುಖ ನೋಡಿದರು. ಮಾವ ನಿಧಾನಕ್ಕೆ ಮಗನ ಕಡೆ ತಿರುಗಿದರು.

"ಏನೋ ಇದು? ಹೌದೇನೋ?"

ಗಂಡ ಹೌದೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ನೀರು ಕುಡಿದ, ಲೋ‌ಟ ಕೆಳಗಿಟ್ಟ.

"ಅವಳಿಗೆ ನಿದ್ದೆ ಸಾಲ್ತಿಲ್ಲ ಅಪ್ಪ. ನಿಮ್ಮನ್ನ ನೋಡಿ ಸಂಕಟ ಪಡ್ತಾಳೆ. ಅದಕ್ಕೇ ಏನೇನೋ ಹೇಳ್ತಾಳೆ."

"ಸುಳ್ಳು! ಸಣ್ಣ ದೀಪ ಹಾಕಿ ಬಾ ಅಂತ ಹೇಳಿಕೊಟ್ಟಿದ್ದೇ ನೀವಲ್ವಾ?"

"ನಾನಾ? ಯಾವಾಗ ಹೇಳಿದೆ?" ಕೌಂಟರಿನಲ್ಲಿ ಗಿರಾಕಿಗಳಿಗೆ ಉತ್ತರಿಸುವ ಅದೇ ನಯವಾದ ದನಿ. "ಬೇಕಾದ್ರೆ ನಿನ್ನನ್ನೂ ಒಂದು ಸಲ ಆ ಡಾಕ್ಟರಿಗೆ ತೋರಿಸೋಣ."

ಮಾವ ಇದ್ದಕ್ಕಿದ್ದಂತೆ ನಕ್ಕರು. ನಗು ಬಂದು ಎಷ್ಟೋ ದಿನವಾಗಿದ್ದರಿಂದ ಕೆಮ್ಮೂ ಬಂತು.

"ಸುಮ್ನಿರಮ್ಮ. ಅಂಗಡೀಲಿ ನಾನು ಇದನ್ನ ಎಷ್ಟು ಕೇಳಿಲ್ಲ! ಬ್ಯಾಟರಿ ಹೊತ್ಕೊಂಡು ಬಂದ ಪ್ರತಿಯೊಬ್ಬನೂ, ದೀಪ ನಾನು ಆರಿಸಿದ್ದೆ, ಬೇರೆ ಯಾರೋ ಹಾಕಿದ್ದಾರೆ ಅಂತಾನೇ ಹೇಳ್ತಿದ್ದ. ಒಬ್ಬನ ಮಾತನ್ನೂ ನಾನು ನಂಬಿದೋನಲ್ಲ. ಈಗ ನನ್ನ ಪಾಳಿ ಬಂದಾಗ ನಂಬಿದ್ರೆ ಆಗುತ್ತಾ?"

"ಇಲ್ಲ ಮಾವ, ನಿಮ್ಮ ಕಾಲು ಹಿಡ್ಕೊಳ್ತೀನಿ, ಇದು ನಿಜ..."

ಅವರು ಅವಳ ಮಾತು ಕೇಳುತ್ತಲೇ ಇರಲಿಲ್ಲ. ಕಣ್ಣು ತುಂಬಿಕೊಂಡು ಅತ್ತೆಯ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದರು: "ಕೇಳಿದ್ಯೇನೇ? ನನ್ನ ಮನಸ್ಸು ನೋಯಬಾರದು ಅಂತ ತಪ್ಪನ್ನೆಲ್ಲ ತನ್ನ ತಲೆ ಮೇಲೆ ಹಾಕ್ಕೊಳ್ತಿದಾಳೆ. ಹೆತ್ತ ಮಗಳಿದ್ರೂ ಹೀಗೆ ಮಾಡ್ತಿರ್ಲಿಲ್ಲ. ಇಂಥ ಹುಡುಗೀನ ಹನ್ನೊಂದು ವರ್ಷ ಬೈದೆನಲ್ಲೇ ನಾನು!"

ಇಂಥ ಒಂದು ಒಳ್ಳೆಯ ಮಾತಿಗಾಗಿ ಅವಳು ಹನ್ನೊಂದು ವರ್ಷವೂ ಕಾದಿದ್ದಳು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಸೊಸೆಯ ಬೆನ್ನು ಸವರಿದರು. ಅವಳು ಮೇಜಿನ ಅಂಚು ಹಿಡಿದು ಕೂತಳು.

ಗಂಡನಿಗೆ ಈ ಮಾತುಕತೆ ಬೇಗ ಮುಗಿಯಬೇಕಿತ್ತು. "ಅಪ್ಪ, ನಿಮ್ಮ ಊಟ ಆಯ್ತಲ್ಲ. ಮಾತ್ರೆ ನುಂಗಿ ಹೋಗಿ ಮಲಗಿ" ಎಂದ.

ಮಾವ ತಟ್ಟೆ ನೋಡಿಕೊಂಡರು. ಅರ್ಧಕ್ಕಿಂತ ಹೆಚ್ಚು ಅನ್ನವಿತ್ತು. ಮೊಟ್ಟೆ ಮುಟ್ಟಿರಲಿಲ್ಲ.

"ಆಯ್ತಾ?" ಎಂದರು.

"ಆಗಿಲ್ಲ ಮಾವ!" ಸೊಸೆ ಕಿರುಚಿದಳು. "ತಟ್ಟೆ ತುಂಬ ಇದೆ, ನೋಡಿ. ನಿಮ್ಮ ಕಣ್ಣಿಂದ ನೋಡಿ!"

ಮಾವ ಅವಳ ಕಡೆ ನೋಡಿ ಮಮತೆಯಿಂದ ಮುಗುಳ್ನಕ್ಕರು. "ನೋಡು, ಮತ್ತೆ ಶುರು ಮಾಡಿದ್ಲು" ಎಂದರು. ಮಾತ್ರೆ ನುಂಗಿದರು, ಮೇಜು ಹಿಡಿದು ಎದ್ದರು, ಕೈ ತೊಳೆಯಲು ಬಚ್ಚಲಿಗೆ ಹೋದರು. ಅವರು ಬಾಗಿಲು ದಾಟುವುದನ್ನೇ ಕಾಯುತ್ತಿದ್ದ ಮೊಮ್ಮಗಳು ಮೊಟ್ಟೆಯನ್ನು ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು.